ಎಣ್ಣಿ ನೋಡೀಯೇನು?

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಸಾಫ್ಟ್‌ವೇರ್ ಎಂಜಿನಿಯರ್ ಆದದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಗುರುಗಳು ಹೇಳಿದ್ದಾರೆ. ಕಡೆಗೆ ಅಲ್ಲಿಗೇ ಬರುತ್ತೇನೆ. ಆದರೆ ಎಂಜಿನಿಯರಿಂಗಿನ ಮೊದಲ ಪಾಠವನ್ನು ನಾನು ಬಿ.ಇ. ಕಾಲೇಜಿನಲ್ಲಿ ಕಲಿಯಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಕಲಿತೆ. ಕಲಿಸಿದವರು ಏಳನೆಯ ತರಗತಿಗೆ ಶಾಲೆ ಬಿಟ್ಟ ನಮ್ಮಪ್ಪ. ಅವರು ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ನೆಲದ ಅಡಿಯಲ್ಲಿ ಕಲ್ಲು ಕೊರೆಯುವ ಮಷಿನ್‌ಗಳನ್ನು ರಿಪೇರಿ ಮಾಡುವುದು ಅವರ ಕೆಲಸ.

ಆ ಮಷಿನ್‌ನ ಕೆಲಸವನ್ನು ಅಪ್ಪ ನನಗೆ ತಾಟು ಲೋಟ ಇಟ್ಟು ತೋರಿಸಿದ್ದರು. ಅದಕ್ಕೆ ಕರೆಂಟ್ ಇಲ್ಲ. ಕಂಪ್ರೆಸರ್ ಒತ್ತಿದ ಗಾಳಿ ಪೈಪಿನಲ್ಲಿ ಕೆಳಗೆ ಬಂದು ಸಿಲಿಂಡರಿನೊಳಗಿನ ಪಿಸ್ಟನ್ನನ್ನು ಮುಂದಕ್ಕೆ ಹೊಡೆಯುತ್ತದೆ, ನಿಮಿಷಕ್ಕೆ ಸುಮಾರು 2000 ಸಲ. ಪಿಸ್ಟನ್ ಹಿಂದಕ್ಕೆ ಬರುವಾಗ ಸುರುಳಿ ಹಲ್ಲಿನ ಒಂದು ಸರಳು ಅದನ್ನು ತುಸು ತಿರುಗಿಸುತ್ತದೆ. ಜೊತೆಗೆ ಕೊರೆಯುವ ಉಕ್ಕಿನ ಸಲಾಕೆಯೂ ತಿರುಗುತ್ತದೆ. ಒಂದು ಏಟು, ಒಂದು ತಿರುವು. ಸಲಾಕೆಯ ನಡುವೆ ತೂತಿದೆ. ಅದರೊಳಗಿಂದ ನೀರು ಹೋಗಿ ಕಲ್ಲಿನ ಪುಡಿಯನ್ನು ಕೆಸರು ಮಾಡಿ ಹೊರಗೆ ತರುತ್ತದೆ. ಹಾಗೆ ಕೊರೆದ ರಂಧ್ರಗಳಲ್ಲಿ ಮದ್ದು ತುಂಬಿ ಕಲ್ಲು ಸಿಡಿಸುತ್ತಾರೆ.

ಮಕ್ಕಳೇ, ಆ ನೀರನ್ನು ನೆನಪಿಡಿ. ಕಲ್ಲಿನ ಒಣ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ಅದನ್ನು ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ನೀರಿಲ್ಲದೆ ಕೊರೆಯುತ್ತಿದ್ದ ಹಳೆಯ ಮಷಿನ್‌ಗಳಿಗೆ ಅಮೆರಿಕದ ಗಣಿಗಳಲ್ಲಿ ‘ವಿಧವೆಯರನ್ನು ಮಾಡುವ ಯಂತ್ರ’ ಎಂಬ ಹೆಸರೇ ಇತ್ತು. 1890ರ ದಶಕದಲ್ಲಿ ಕೊಲರಾಡೊದ ಜಾರ್ಜ್ ಲೇನರ್ ಟೊಳ್ಳು ಸಲಾಕೆಯೊಳಗೆ ನೀರು ಬಿಡುವ ಮಷಿನ್ ಮಾಡಿದರು. ಆದರೆ ಆ ನೀರು ಹಾಯುವುದು ಬೆರಳಿಗಿಂತ ತೆಳುವಾದ ಒಂದು ಟ್ಯೂಬಿನಲ್ಲಿ. ಟ್ಯೂಬ್ ಮುರಿದರೆ ನೀರು ಸಲಾಕೆಗೆ ಸರಿಯಾಗಿ ಹೋಗುವುದಿಲ್ಲ, ಸಿಲಿಂಡರಿಗೆ ನುಗ್ಗಿ ಎಣ್ಣೆಯನ್ನು ತೊಳೆದು ಹಾಕುತ್ತದೆ. ಹೊರಗೆ ಮನುಷ್ಯನೂ ಕೆಡುತ್ತಾನೆ, ಒಳಗೆ ಮಷಿನ್ ಕೂಡ ಕೆಡುತ್ತದೆ. ಅಪ್ಪ ಮಷಿನ್ ಬಿಚ್ಚಿದಾಗಲೆಲ್ಲ ಮೊದಲು ನೋಡುತ್ತಿದ್ದದ್ದು ಆ ಟ್ಯೂಬನ್ನು.

ಎರಡನೆಯದು ಚಕ್ ಬುಷ್, ಅಂದರೆ ಸಲಾಕೆ ಕೂರುವ ಗೂಡು. ಅದು ಸವೆದರೆ ಸಲಾಕೆ ಓರೆಯಾಗಿ ನಿಲ್ಲುತ್ತದೆ, ಪಿಸ್ಟನ್ನಿನ ಏಟು ಅಂಚಿಗೆ ಬೀಳುತ್ತದೆ, ಪಿಸ್ಟನ್ನಿನ ಮುಖ ಚಕ್ಕೆ ಏಳುತ್ತದೆ. “ಅಗ್ಗದ ಬುಷ್ ಉಳಸಾಕ ಹೋಗಿ ತುಟ್ಟಿ ಪಿಸ್ಟನ್ ಕಳಕೋಬಾರದು” ಎಂದು ಅಪ್ಪ ಹೇಳುತ್ತಿದ್ದರು.

ಮೂರನೆಯದು ಎಣ್ಣೆ. ಗಾಳಿಯ ಹೋಸ್‌ಪೈಪಿನ ನಡುವೆ ಲೈನ್ ಆಯಿಲರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಗಾಳಿಯ ಜೊತೆ ಎಣ್ಣೆಯ ಹನಿಗಳು ಮಂಜಿನಂತೆ ಮಷಿನ್ ಸೇರುತ್ತವೆ. ಅದನ್ನು ಪರೀಕ್ಷಿಸಲು ಅಪ್ಪನ ಜೇಬಿನಲ್ಲಿ ಒಂದು ಕಾಗದ ಇರುತ್ತಿತ್ತು. ಮಷಿನ್‌ನ ಗಾಳಿ ಹೊರಬರುವ ಬಾಯಿಗೆ ಅದನ್ನು ಹಿಡಿದರೆ ತೆಳ್ಳಗೆ ಎಣ್ಣೆಯ ಪಸೆ ಮೂಡಬೇಕು. ಒಣಗಿದ್ದರೆ ಮಷಿನ್ ನಿಲ್ಲಿಸು. ತೊಟ್ಟಿಕ್ಕಿದರೆ ಎಣ್ಣೆ ಕಡಿಮೆ ಮಾಡು, ಇಲ್ಲದಿದ್ದರೆ ಕೊರೆಯುವವನ ಮುಖಕ್ಕೇ ಆ ಮಂಜು. ನಾನು ಸೈಕಲ್ ಕೆಟ್ಟಿತು, ಪಂಪ್‌ಸೆಟ್ ನಿಂತಿತು ಎಂದು ಏನೇ ಹೇಳಿದರೂ ಅಪ್ಪನ ಮೊದಲ ಪ್ರಶ್ನೆ ಒಂದೇ: “ಎಣ್ಣಿ ನೋಡೀಯೇನು?”

ಈಗ ತಪ್ಪೊಪ್ಪಿಗೆ. ಒಂಬತ್ತನೆಯ ತರಗತಿಯಲ್ಲಿ ಒಂದು ಅರ್ಜಿ ತುಂಬುವಾಗ ತಂದೆಯ ಉದ್ಯೋಗ ಎಂಬಲ್ಲಿ ನಾನು ‘ಆಫೀಸಿನಲ್ಲಿ’ ಎಂದು ಬರೆದೆ. ಅಪ್ಪನ ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ, ನನಗೆ ಅದರ ನಾಚಿಕೆ. ಅರ್ಜಿಗೆ ಸಹಿ ಹಾಕುವಾಗ ಅಪ್ಪ ಅದನ್ನು ಓದಿದರು. ಏನೂ ಅನ್ನದೆ ಸಹಿ ಹಾಕಿ ಕೊಟ್ಟರು.

ಕಲ್ಲು ಕೊರೆಯುವ ಮಷಿನ್‌ನ ಸದ್ದು 110 ಡೆಸಿಬಲ್ ದಾಟುತ್ತದೆ. ಕಿವಿಗೆ ಇಟ್ಟುಕೊಳ್ಳಲು ಪ್ಲಗ್ ಇತ್ತು. ಅಪ್ಪ ಅದನ್ನು ತೆಗೆದುಬಿಡುತ್ತಿದ್ದರು. ಬುಷ್ ಸವೆದಿದೆಯೋ ಸ್ಪ್ರಿಂಗ್ ಮುರಿದಿದೆಯೋ ಅವರು ಕಂಡುಹಿಡಿಯುತ್ತಿದ್ದದ್ದು ಸದ್ದಿನಿಂದಲೇ. ಮಷಿನ್‌ನ ಕಾಯಿಲೆ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅವರ ಕಿವಿ ಹೋಯಿತು. ಹತ್ತನೆಯ ತರಗತಿಯಲ್ಲಿ ಇದೇ ಅಂಗಳದಲ್ಲಿ ನನ್ನ ಹೆಸರು ಕರೆದು ಬಹುಮಾನ ಕೊಟ್ಟಾಗ, ಪಕ್ಕದವರು ಭುಜ ತಟ್ಟಿದ ಮೇಲೆ ಅಪ್ಪ ಚಪ್ಪಾಳೆ ಹೊಡೆದರು.

ಇನ್ನು ನನ್ನ ಕೆಲಸದ ಮಾತು. ನಾನು ನೋಡಿಕೊಳ್ಳುವ ಒಂದು ಸರ್ವರಿನಲ್ಲಿ ಜಾಗ ತುಂಬುತ್ತಿದೆ ಎಂಬ ಎಚ್ಚರಿಕೆ ಸಂದೇಶ ಮೂರು ವಾರ ಬಂತು. ದಿನಾ ಬರುತ್ತದೆಂದು ಬೇಸತ್ತು ನಾನೇ ಅದನ್ನು ಬಂದ್ ಮಾಡಿದೆ. ಒಂದು ರಾತ್ರಿ ಜಾಗ ಪೂರ್ತಿ ತುಂಬಿ ಎಲ್ಲ ನಿಂತಿತು, ಎಷ್ಟೋ ಜನರ ಕೆಲಸ ಕೆಟ್ಟಿತು. ಹಳೆಯ ಫೈಲು ಅಳಿಸಿದ್ದರೆ ಹತ್ತು ನಿಮಿಷದ ಕೆಲಸ. ಬೆಳಗಿನ ಜಾವ ಎಲ್ಲ ಸರಿಯಾದ ಮೇಲೆ ನನಗೆ ನೆನಪಾದದ್ದು ಅಪ್ಪನ ಜೇಬಿನ ಕಾಗದ. ಇವತ್ತಿನ ದೊಡ್ಡ ಗಣಿಗಳಲ್ಲಿ ಹೈಡ್ರಾಲಿಕ್ ಜಂಬೊ ಡ್ರಿಲ್ಲುಗಳಿವೆ, ಎಣ್ಣೆಯ ಒತ್ತಡವನ್ನು ಸೆನ್ಸರ್ ಹೇಳುತ್ತದೆ. ಸೆನ್ಸರ್ ಹೇಳಿದ್ದನ್ನು ಕೇಳುವ ಮನುಷ್ಯನಂತೂ ಬೇಕೇ ಬೇಕು.

ಈಗ ಗುರುಗಳು ಹೇಳಿದ ಕಂಪ್ಯೂಟರಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಈ ಶಾಲೆಗೆ ಹತ್ತು ಕಂಪ್ಯೂಟರ್ ಕೊಟ್ಟೆವು. ಹಾರ ಹಾಕಿಸಿಕೊಂಡೆವು, ಫೋಟೊ ತೆಗೆಸಿಕೊಂಡೆವು. ನಿನ್ನೆ ಸಂಜೆ ಹೋಗಿ ನೋಡಿದೆ. ನಡೆಯುತ್ತಿರುವುದು ಮೂರು. ಉಳಿದವುಗಳಲ್ಲಿ ನಾಲ್ಕಕ್ಕೆ ಬರೀ ಧೂಳು ತೆಗೆದು ಕೇಬಲ್ ಬದಲಿಸಿದರೆ ಸಾಕು. ಶಿಕ್ಷಕರ ತಪ್ಪಲ್ಲ, ಪಾಠದ ಜೊತೆ ಅವರ ಮೇಲೆ ಸಾವಿರ ಕೆಲಸ. ಕೊಟ್ಟವರು ನಾವು, ಕೊಟ್ಟು ಮರೆತವರೂ ನಾವು.

ಅದಕ್ಕೆ ಈ ಸುವರ್ಣ ಮಹೋತ್ಸವದಲ್ಲಿ ಹೊಸದೇನನ್ನೂ ಕೊಡುವುದಾಗಿ ನಾನು ಹೇಳುವುದಿಲ್ಲ. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒಂದು ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿದ್ದೇನೆ. ಏನು ಕೆಟ್ಟಿತು, ಯಾವತ್ತು ಕೆಟ್ಟಿತು ಎಂದು ಮಕ್ಕಳು ಅದರಲ್ಲಿ ಬರೆಯಲಿ. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ನಾನು ಬಂದು, ಒಂಬತ್ತನೆಯ ತರಗತಿಯ ಮಕ್ಕಳ ಕೈಯಲ್ಲೇ ಬಿಚ್ಚಿಸಿ ಸರಿ ಮಾಡಿಸುತ್ತೇನೆ. ನನ್ನ ಬ್ಯಾಚಿನ ಇಬ್ಬರು ಬರುತ್ತೇನೆಂದಿದ್ದಾರೆ. ಊರಿನ ಎಲೆಕ್ಟ್ರಿಷಿಯನ್, ಪಂಪ್ ಮೆಕ್ಯಾನಿಕ್ ಬಂಧುಗಳೂ ಬಂದರೆ ಶಾಲೆಯ ಬೋರ್‌ವೆಲ್ ಮೋಟಾರು, ಫ್ಯಾನು, ನಲ್ಲಿ ಎಲ್ಲಕ್ಕೂ ಅದೇ ನೋಟ್‌ಬುಕ್ ಆದೀತು.

ನಮ್ಮಪ್ಪ ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ನಾನು ಇಷ್ಟು ಹೊತ್ತು ಹೇಳಿದ್ದು ಅವರಿಗೆ ಕೇಳಿಸಿಲ್ಲ. ಅದಕ್ಕೇ ಬರೆದುಕೊಂಡು ಬಂದೆ, ಸಂಚಿಕೆಯಲ್ಲಿ ಅಚ್ಚು ಹಾಕಿ ಎಂದು ಗುರುಗಳನ್ನು ಕೇಳಿಕೊಂಡೆ. ಅಪ್ಪ ಕನ್ನಡಕ ಹಾಕಿಕೊಂಡು ನಿಧಾನ ಓದುತ್ತಾರೆ.

ಅಪ್ಪಾ, ಆ ಅರ್ಜಿಯಲ್ಲಿ ಬರೆಯಬೇಕಾಗಿದ್ದದ್ದು ಇದು. ತಂದೆಯ ಉದ್ಯೋಗ: ಗಣಿಯಲ್ಲಿ ಡ್ರಿಲ್ ಫಿಟ್ಟರ್.