ಏರಿಯ ಪಕ್ಕದ ಪರದೆ



ತೊಣ್ಣೂರಿನ ಈ ಕಲಿಕೋಪಕರಣಗಳ ಪ್ರದರ್ಶನಕ್ಕೆ ನೀವು ನನ್ನನ್ನು ಕರೆದಿರಿ. ಬಂದ ಕೂಡಲೇ ಮಕ್ಕಳು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪರದೆಯ ಮೇಲೆ ಹೃದಯ ಬಡಿಯುವುದನ್ನು ತೋರಿಸಿದರು. ಕವಾಟ ತೆರೆಯುತ್ತದೆ, ರಕ್ತ ನುಗ್ಗುತ್ತದೆ, ಕವಾಟ ಮುಚ್ಚುತ್ತದೆ. ಮೂವತ್ತು ವರ್ಷ ನಾನು ಇದನ್ನೇ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಬರೆದವನು. ಹಲಗೆಯ ಮೇಲಿನ ಆ ಚಿತ್ರ ಎಷ್ಟು ತಿದ್ದಿದರೂ ಅಲುಗುತ್ತಿರಲಿಲ್ಲ.

ಹಲಗೆಯಾಚೆಗೂ ಪಾಠ ಮುಟ್ಟಿಸುವ ಆಸೆ ಹಳೆಯದು. ಪಕ್ಕದ ಮೈಸೂರಿನಲ್ಲಿ 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು. 1975ರಲ್ಲಿ ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ತಂದ ಉಪಗ್ರಹದಿಂದ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. 2004ರಲ್ಲಿ ನಮ್ಮದೇ ಉಪಗ್ರಹ ಎಜುಸ್ಯಾಟ್ ಹಾರಿದ ಮೇಲೆ ಚಾಮರಾಜನಗರದ ಪ್ರಾಥಮಿಕ ಶಾಲೆಗಳು ಅದರ ಪಾಠ ನೋಡಿದವು.

ಆದರೆ ನಾನು ಕಂಡ ಒಂದು ತೊಡಕನ್ನು ಹೇಳಲೇಬೇಕು. ಒಮ್ಮೆ ಏಳನೇ ತರಗತಿಗೆ ಜ್ವಾಲಾಮುಖಿಯ ವಿಡಿಯೊ ಹಾಕಿದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮಾರನೆಯ ದಿನ ಕೇಳಿದರೆ, "ಬೆಂಕಿ ಬಂತು ಸಾ" ಎಂದರು. ಯಾಕೆ ಬಂತು ಎಂದರೆ ಯಾರೂ ಬಾಯಿ ಬಿಡಲಿಲ್ಲ. ತಪ್ಪು ಮಕ್ಕಳದಲ್ಲ, ಹನ್ನೆರಡು ನಿಮಿಷ ನಾನು ಎಲ್ಲೂ ನಿಲ್ಲಿಸಿರಲಿಲ್ಲ. ಹಲಗೆಯ ಮೇಲೆ ಬರೆಯುವ ಕೈ ನಿಧಾನ. ಆ ನಿಧಾನದಲ್ಲೇ ಮಗುವಿಗೆ ಪ್ರಶ್ನೆ ಹೊಳೆಯುತ್ತದೆ. ವಿಡಿಯೊ ಯಾರಿಗೂ ಕಾಯುವುದಿಲ್ಲ.

ಮತ್ತೆ ಹಾಕಿದಾಗ ದನಿ ಆರಿಸಿದೆ, ನೀವೇ ಹೇಳಿ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದುನಿಂತು, "ಆಲೆಮನೆ ಕೊಪ್ಪರಿಗೇಲಿ ಪಾಕ ಉಕ್ದಂಗೆ ಸಾ, ಕೆಳಗೆ ಕಾವು ಜಾಸ್ತಿ ಆಗದೆ" ಎಂದಳು. ಅವತ್ತು ಪಾಠ ನಡೆಯಿತು.

ಒಳಗಿನ ಪ್ರದರ್ಶನದಲ್ಲಿ ಕೆರೆಯ ಪಾಠಕ್ಕೂ ಒಂದು ವಿಡಿಯೊ ಇದೆ. ಅದು ಯಾವ ಊರಿನ ಕೆರೆಯೋ! ಇಲ್ಲೇ ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರಿದೆ. ರಾಮಾನುಜರು ಇಟ್ಟರೆನ್ನುವ ಹೆಸರಿನಲ್ಲಿ ಅದು ತಿರುಮಲಸಾಗರ, ಆಮೇಲೆ ಬಂದವರ ಬಾಯಲ್ಲಿ ಮೋತಿ ತಾಲಾಬ್. ಹಿಮಾಲಯ, ಸಮುದ್ರ, ಗ್ರಹಣ, ಇವನ್ನು ಪರದೆಯೇ ತೋರಿಸಲಿ, ಅದು ದೊಡ್ಡ ಉಪಕಾರ. ಅಂಗಳದಲ್ಲಿರುವ ಕೆರೆಯನ್ನೂ ಪರದೆಯಲ್ಲೇ ನೋಡಿ ಮುಗಿಸುವುದು ನನಗೆ ನೋವಿನ ವಿಷಯ.

ಮಕ್ಕಳೇ, ಮೇಷ್ಟ್ರನ್ನು ಕರೆದುಕೊಂಡು, ಅವರ ಫೋನನ್ನೂ ಹಿಡಿದುಕೊಂಡು ಏರಿಗೆ ಹೋಗಿ. ಏರಿಯನ್ನು ಅಲ್ಲೇ ಯಾಕೆ ಕಟ್ಟಿದರು, ತೂಬು ಎತ್ತಿದರೆ ಯಾರ ಗದ್ದೆಗೆ ಮೊದಲು ನೀರು ಹೋಗುತ್ತದೆ ಎಂದು ನಿಮ್ಮ ತಾತಂದಿರನ್ನು ಕೇಳಿ, ಅವರ ಮಾತನ್ನು ಚಿತ್ರ ಸಮೇತ ಹಿಡಿಯಿರಿ. ಆ ವಿಡಿಯೊ ಇದೇ ಪರದೆಯ ಮೇಲೆ ಬರುವ ದಿನ ಹೇಳಿಕಳಿಸಿ, ಮುಂದಿನ ಸಾಲಿನಲ್ಲಿ ನಿಮ್ಮ ಜೊತೆ ಕೂರಲು ಬರುತ್ತೇನೆ.

ಬನ್ನಿ, ದೀಪ ಹಚ್ಚೋಣ.