ಕುಳಿತು ಉಣ್ಣುವ ಗೌರವ

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಮಗೆಲ್ಲರಿಗೂ ಪರಿಚಿತವಾದದ್ದು. ದುಡಿಮೆಯಿಲ್ಲದೆ ವೆಚ್ಚ ಮಾಡುವವನಿಗೆ ಹಿರಿಯರು ಕೊಟ್ಟ ಎಚ್ಚರಿಕೆ ಅದು. ಗಾದೆಯನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಹಣದ ಲೆಕ್ಕವೇ ಇರಬೇಕು. ಆದರೆ ಐವತ್ತು ದಾಟಿದವರ ಪಾಲಿಗೆ ಈ ಮಾತು ಇನ್ನೊಂದು ಅರ್ಥದಲ್ಲಿಯೂ ಸತ್ಯವಾಗುತ್ತದೆ. ನಮ್ಮ ಮೈಯೊಳಗೂ ಒಂದು ಕುಡಿಕೆಯಿದೆ. ಅದರಲ್ಲಿರುವ ಹೊನ್ನು ನಮ್ಮ ಸ್ನಾಯುಗಳ ಬಲ. ಯೌವನದಲ್ಲಿ ದುಡಿದು ಕೂಡಿಟ್ಟ ಈ ಹೊನ್ನು, ಕುಳಿತು ಉಣ್ಣತೊಡಗಿದ ದಿನದಿಂದ ಕರಗತೊಡಗುತ್ತದೆ. ಶ್ರೋತೃಗಳೇ, ಈ ಕರಗುವಿಕೆಯನ್ನು ಕುರಿತು, ಅದನ್ನು ತಡೆಯಬಲ್ಲ ಉಪಾಯಗಳನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ವಯಸ್ಸಾದವರಿಗೆ ಗೌರವ ಸಲ್ಲಿಸಲು ನಮ್ಮ ನಾಡಿನಲ್ಲಿ ಒಂದು ರೂಢಿಯಾದ ರೀತಿಯಿದೆ. ಮಗನು ಹೊಲಮನೆಗಳ ಭಾರವನ್ನು ಹೊತ್ತ ಕೂಡಲೆ ತಂದೆಗೆ, “ದಣಿದದ್ದು ಸಾಕು, ಇನ್ನು ಆರಾಮವಾಗಿ ಕೂತು ಉಣ್ಣಿರಿ” ಎನ್ನುತ್ತಾನೆ. ಸೊಸೆ ಬಂದ ಮನೆಯಲ್ಲಿ ಅತ್ತೆಯ ಕೈಯಿಂದ ಕೊಡವೂ ಕಸಬರಿಗೆಯೂ ಒಂದೊಂದಾಗಿ ಜಾರುತ್ತವೆ. ಪಟ್ಟಣದಲ್ಲಾದರೆ ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ವಿಶ್ರಾಂತ ಜೀವನ ಸುಖಕರವಾಗಲೆಂದು ಹಾರೈಸುತ್ತಾರೆ. ಈ ಮಾತುಗಳ ಹಿಂದಿರುವ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಪ್ರೀತಿಯಿಂದ ಹಾಕಿಕೊಟ್ಟ ಈ ಮಣೆಯೇ ಹಲವರ ಪಾಲಿಗೆ ಮೇಲೇಳಲಾಗದ ಆಸನವಾಗುತ್ತದೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನಲ್ಲಿ ಕುಬಿಹಾಳವೆಂಬ ಊರಿದೆ. ಅಂಥ ಎರೆನೆಲದ ಊರುಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ಬದುಕು ಹೇಗೆ ಸಾಗುತ್ತಿತ್ತೆಂಬುದನ್ನು ನೆನೆಯಿರಿ. ಮುಂಗಾರಿಯಲ್ಲಿ ಹೆಸರು, ಶೇಂಗಾ, ಮೆಣಸಿನಕಾಯಿ, ಹತ್ತಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಗೋದಿ, ಕುಸುಬಿ. ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ಕಳೆ ತೆಗೆಯುವುದು, ಜೋಳ ಕೀಳುವುದು, ಕಣದಲ್ಲಿ ರಾಶಿ ಮಾಡುವುದು, ಕಣಕಿಯ ಸಿವುಡು ಹೊತ್ತು ಬಣವಿ ಒಟ್ಟುವುದು — ಇವೆಲ್ಲವೂ ಮೈಮುರಿದು ಮಾಡಬೇಕಾದ ಕೆಲಸಗಳು. ಹೆಂಗಸರಿಗಂತೂ ಬೆಳಗಾಗುವ ಮೊದಲೇ ಬೀಸುವ ಕಲ್ಲು, ಬೆಳಗಾದ ಮೇಲೆ ಕೆರೆಯ ನೀರು. ಆ ದುಡಿಮೆಗೆ ತಕ್ಕಂತೆ ಊಟವಿತ್ತು: ಜೋಳದ ರೊಟ್ಟಿ, ಹೆಸರು ಮಡಿಕೆಗಳ ಕಾಳುಪಲ್ಯ, ಪುಂಡಿಯೋ ಮೆಂತ್ಯವೋ ಹಸಿಯ ಹಕ್ಕರಿಕೆಯೋ, ಗುರೆಳ್ಳು ಅಗಸಿಗಳ ಹಿಂಡಿ, ಗಡಿಗೆಯ ಮೊಸರು. ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗಳಂದು ಚರಗ ಚೆಲ್ಲಲು ಹೊಲಕ್ಕೆ ಹೋಗಿ ಉಂಡು ಬರುವ ಪದ್ಧತಿ ಇಂದಿಗೂ ಇದೆ. ಊಟ ಮತ್ತು ನಡಿಗೆ ಒಂದೇ ಬುತ್ತಿಯ ಗಂಟಿನಲ್ಲಿ ಕಟ್ಟಿದ ವಸ್ತುಗಳಾಗಿದ್ದವು ಎಂಬುದಕ್ಕೆ ಆ ಹಬ್ಬಗಳೇ ಸಾಕ್ಷಿ.

ಆ ಕಾಲವನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಬರಗಾಲಗಳೂ ಸಾಂಕ್ರಾಮಿಕ ರೋಗಗಳೂ ಸೇರಿ ಬಹುಜನರನ್ನು ಐವತ್ತರ ಹತ್ತಿರಕ್ಕೇ ಬರಗೊಡದ ಕಾಲವದು. ಗಿರಣಿ ಬಂದು ಹೆಂಗಸರ ರಟ್ಟೆಗೆ ಬಿಡುಗಡೆ ದೊರೆತದ್ದು, ನಳ ಬಂದು ಕೆರೆಯ ದಾರಿ ತಪ್ಪಿದ್ದು, ಟ್ರ್ಯಾಕ್ಟರು ಬಂದು ಗಂಡಸರ ಬೆನ್ನು ಹಗುರಾದದ್ದು ಉಪಕಾರಗಳೇ ಸರಿ. ಕರ್ನಾಟಕದಲ್ಲಿ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಬಡವರ ಮನೆಯ ಒಲೆಯನ್ನು ಉರಿಸಿದ್ದನ್ನೂ ಮರೆಯಲಾಗದು. ಆದರೆ ಈ ಉಪಕಾರಗಳ ನಡುವೆ ಒಂದು ಸಮತೋಲ ತಪ್ಪಿತು. ಮೈಯ ದುಡಿಮೆ ಕಡಿಮೆಯಾದ ಕಾಲದಲ್ಲಿಯೇ ತಟ್ಟೆಯ ಸ್ವರೂಪವೂ ಬದಲಾಯಿತು. ಅನ್ನದ ರಾಶಿ ಬೆಳೆದು ಕಾಳು ತೆಳುವಾದ ಸಾರಿಗೆ ಇಳಿಯಿತು. ಸೊಪ್ಪಿನ ಸ್ಥಾನದಲ್ಲಿ ಸಂಡಿಗೆ, ಮಜ್ಜಿಗೆಯ ಸ್ಥಾನದಲ್ಲಿ ಸಕ್ಕರೆಯ ಚಹ ಬಂದು ಕುಳಿತವು. ಈ ಎರಡು ಬದಲಾವಣೆಗಳ ಪೆಟ್ಟು ಒಟ್ಟಾಗಿ ಬೀಳುವುದು ಐವತ್ತು ದಾಟಿದ ದೇಹದ ಮೇಲೆ.

ಅಲ್ಲಿ ಆಗುವುದಾದರೂ ಏನು? ಮೂವತ್ತು ವರ್ಷ ಕಳೆದ ಮೇಲೆ ಪ್ರತಿಯೊಂದು ದಶಕದಲ್ಲಿ ಸ್ನಾಯುವಿನ ಮೊತ್ತ ನೂರಕ್ಕೆ 3ರಿಂದ 8ರಷ್ಟು ಕುಗ್ಗುತ್ತದೆಂದು ವೈದ್ಯಶಾಸ್ತ್ರ ಅಂದಾಜು ಮಾಡಿದೆ. ಅರವತ್ತರ ಬಳಿಕ ಈ ವೇಗ ಹೆಚ್ಚುತ್ತದೆ. ಮೊತ್ತಕ್ಕಿಂತಲೂ ಬೇಗನೆ ಬಲ ಕುಗ್ಗುತ್ತದೆ. ತೂಕದ ತಕ್ಕಡಿಯಲ್ಲಿ ಇದು ಕಾಣಿಸಬೇಕೆಂದಿಲ್ಲ. ಕರಗಿದ ಸ್ನಾಯುವಿನ ಜಾಗದಲ್ಲಿ ಕೊಬ್ಬು ಸೇರಿ ಲೆಕ್ಕವನ್ನು ಸರಿದೂಗಿಸಿಬಿಡುತ್ತದೆ. ನೆಲದಿಂದ ಏಳುವಾಗ ಕೈ ಊರಬೇಕಾಗುವುದು, ಮೆಟ್ಟಿಲ ಬಳಿ ಕಂಬಿಯನ್ನು ಹುಡುಕುವುದು, ನಡಿಗೆ ನಿಧಾನವಾಗುವುದು ಇದರ ಕುರುಹುಗಳು. ಕೊನೆಗೊಂದು ದಿನ ಬಚ್ಚಲುಮನೆಯಲ್ಲಿ ಕಾಲು ಜಾರುತ್ತದೆ, ತೊಡೆಯ ಮೂಳೆ ಮುರಿಯುತ್ತದೆ. ನೆಲ ಒದ್ದೆಯಾಗಿತ್ತೆಂದು ಮನೆಯವರು ಹಳಹಳಿಸುತ್ತಾರೆ. ನೆಲ ಒದ್ದೆಯಾಗಿದ್ದದ್ದು ಅಂದು ಮಾತ್ರ. ತಡೆದು ನಿಲ್ಲಿಸಬೇಕಾದ ಕಾಲು ಹತ್ತು ವರ್ಷಗಳಿಂದ ಸೋಲುತ್ತ ಬಂದಿತ್ತು.

ಈ ಸೋಲಿನಲ್ಲಿ ವಯಸ್ಸಿನ ಪಾಲೆಷ್ಟು, ಕುಳಿತದ್ದರ ಪಾಲೆಷ್ಟು ಎಂಬ ಪ್ರಶ್ನೆಗೆ ಎರಡು ಪರೀಕ್ಷೆಗಳು ಬೆಳಕು ಚೆಲ್ಲುತ್ತವೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಾದ ಕೆಲವು ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲಿಯೇ ಅವರ ಕಾಲುಗಳಿಂದ ಸರಿಸುಮಾರು ಒಂದು ಕಿಲೋಗ್ರಾಂನಷ್ಟು ಕೊಬ್ಬಿಲ್ಲದ ಮಾಂಸಭಾಗ ಕರಗಿಹೋಗಿತ್ತು. ಅದಕ್ಕೂ ಮೊದಲು, 1990ರಲ್ಲಿ, ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರ ವರದಿ ಪ್ರಕಟವಾಗಿತ್ತು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ಅಲ್ಲಿ ಎಂಟು ವಾರ ಕಾಲಿನಿಂದ ಭಾರವೆತ್ತುವ ವ್ಯಾಯಾಮಕ್ಕೆ ತೊಡಗಿದರು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿಯಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚಾಯಿತು. ಅವರಲ್ಲಿ ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ಪರೀಕ್ಷೆಗೆ ಒಳಗಾದವರು ಕೆಲವರೇ, ನಿಜ. ಆದರೆ ತೊಂಬತ್ತರಲ್ಲಿಯೂ ಸ್ನಾಯು ಕರೆಗೆ ಓಗೊಡುತ್ತದೆಂಬುದನ್ನು ಅದು ತೋರಿಸಿಕೊಟ್ಟಿತು; ಮುಂದೆ ನಡೆದ ಅನೇಕ ಅಧ್ಯಯನಗಳೂ ಅದನ್ನು ಸಮರ್ಥಿಸಿದವು. ಅರವತ್ತಕ್ಕೆ ಅರಳು ಮರಳು ಎಂದು ಕೈಚೆಲ್ಲಿ ಕೂಡುವವರು ಈ ತೊಂಬತ್ತರ ವಿದ್ಯಾರ್ಥಿಗಳನ್ನು ನೆನೆಯಬೇಕು.

ಇನ್ನು ಊಟದ ವಿಚಾರ. ಸ್ನಾಯುವನ್ನು ಕಟ್ಟುವ ಇಟ್ಟಿಗೆ ಎಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ವೃದ್ಧಾಪ್ಯದಲ್ಲಿ ಒಂದು ಗ್ರಾಮಿನಿಂದ 1.2 ಗ್ರಾಮಿನವರೆಗೆ ಬೇಕೆಂಬುದು ಹಲವು ತಜ್ಞರ ಅಭಿಪ್ರಾಯ. ಎಂದರೆ 60 ಕಿಲೋ ತೂಕದವರಿಗೆ ಕನಿಷ್ಠ 50 ಗ್ರಾಂ, ವಯಸ್ಸಾದಂತೆ 60 ಗ್ರಾಂ ಅಥವಾ ತುಸು ಹೆಚ್ಚು. ಹಸಿವು ಕುಗ್ಗುವ ವಯಸ್ಸಿನಲ್ಲಿ ಬೇಡಿಕೆ ಹಿಗ್ಗುತ್ತದೆ, ಕಷ್ಟವಿರುವುದು ಇಲ್ಲಿಯೇ.

ನಮ್ಮ ತಟ್ಟೆಯನ್ನೇ ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇವೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 8 ಗ್ರಾಂ ಪ್ರೋಟೀನು ಇದ್ದರೂ ನಾರು 3 ಗ್ರಾಮಿನೊಳಗೆ. ಅರವತ್ತು ಗ್ರಾಂ ಹಿಟ್ಟಿನ ರೊಟ್ಟಿ ಮೂರಾದರೆ 18 ಗ್ರಾಂ ಪ್ರೋಟೀನು. ಐವತ್ತು ಗ್ರಾಂ ಹೆಸರುಕಾಳೋ ಕಡಲೆಯೋ ಆದರೆ 10 ಗ್ರಾಂ. ಒಂದು ಹಿಡಿ, ಎಂದರೆ 30 ಗ್ರಾಂ ಶೇಂಗಾದಿಂದ 7. ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಸೇರಿ 12. ಒಟ್ಟು 47 ಆಯಿತು. ರಾತ್ರಿ ಇನ್ನೊಂದು ಬಟ್ಟಲು ಮೊಳಕೆಕಾಳು ಅಥವಾ ತಿನ್ನುವವರು ಒಂದೆರಡು ತತ್ತಿ ಸೇರಿಸಿಕೊಂಡರೆ ಲೆಕ್ಕ ಅರವತ್ತರ ಸಮೀಪ ಬರುತ್ತದೆ. ಆ ಕಾಳನ್ನು ತೆಗೆದುಬಿಟ್ಟರೆ ಲೆಕ್ಕವೇ ಕುಸಿಯುತ್ತದೆ. ಇಲ್ಲಿ ಇನ್ನೊಂದು ಗುಟ್ಟಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕೊರತೆ. ದ್ವಿದಳ ಧಾನ್ಯಗಳಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಕಾಳುಪಲ್ಯವನ್ನಿಟ್ಟ ನಮ್ಮ ಅಜ್ಜಿಯರು ಈ ಹೆಸರನ್ನು ಕೇಳದೆಯೇ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದ್ದರು.

ಹಳೆಯ ತಟ್ಟೆಯನ್ನು ಹಾಗೆಯೇ ತಂದಿಟ್ಟುಕೊಂಡರೆ ಸಾಲದು. ಹೊಲದಲ್ಲಿ ದುಡಿದವನು ಉಂಡ ಐದು ರೊಟ್ಟಿಗಳನ್ನು ಕಟ್ಟೆಯ ಮೇಲೆ ಕುಳಿತವನೂ ಉಂಡರೆ ಅದು ಹೊಟ್ಟೆಯ ಸುತ್ತಳತೆಗೆ ಜಮೆಯಾಗುತ್ತದೆ. ಶಕ್ತಿಯ ಪಾಲಿನಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಧಾನ್ಯಗಳಿಂದ ಬರಬಾರದೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣುಗಳಿಗೆ ಮೀಸಲಿರಬೇಕು. ರೊಟ್ಟಿ ಒಂದು ಕಡಿಮೆಯಾಗಲಿ, ಪಲ್ಯ ಒಂದು ಸೌಟು ಹೆಚ್ಚಾಗಲಿ. ಉಪ್ಪಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಜಾಗ್ರತೆ ವಹಿಸಬೇಕು. ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚೆಯಷ್ಟು, ಮಿತಿ. ರಂಜಕ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳು ಸಾಲಾಗಿ ಬಂದರೆ ಪಲ್ಯದ ಉಪ್ಪು ಸೇರುವ ಮೊದಲೇ ಮಿತಿ ದಾಟೀತು. ಬಾಯಾರಿಕೆಯ ಅರಿವು ವಯಸ್ಸಾದಂತೆ ಮಂದವಾಗುವುದರಿಂದ ನೀರನ್ನೂ ನೀರುಮಜ್ಜಿಗೆಯನ್ನೂ ನೆನಪಿಟ್ಟು ಕುಡಿಯಬೇಕು. ಹಲ್ಲು ಹೋದವರು ಗಟ್ಟಿ ರೊಟ್ಟಿಯನ್ನು ಬಿಟ್ಟು ಬರಿಯ ಅನ್ನಕ್ಕೆ ಶರಣಾಗುವ ಬದಲು ಜೋಳದ ನುಚ್ಚು, ಬೇಯಿಸಿ ಮಸೆದ ಕಾಳು, ಮೊಸರುಗಳನ್ನು ಆಶ್ರಯಿಸಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಕಾಳು ಹಾಲುಗಳನ್ನು ಹೆಚ್ಚಿಸಬಾರದು.

ಊಟವೊಂದರಿಂದಲೇ ಬಲ ಬಾರದು. ಇಟ್ಟಿಗೆ ತಂದು ರಾಶಿ ಹಾಕಿದರೆ ಗೋಡೆ ಏಳುವುದಿಲ್ಲ. ಕಟ್ಟುವ ಕೈ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಮೈಯ ಸಮತೋಲವನ್ನು ಸಾಧಿಸುವ ಅಭ್ಯಾಸ — ಇಷ್ಟನ್ನು ವಿಧಿಸುತ್ತದೆ. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ದಿನಕ್ಕೆ ಅರ್ಧ ಗಂಟೆ ತುಸು ಏದುಸಿರು ಬರುವಂತೆ ಹೊಲದ ದಾರಿಯನ್ನು ನಡೆದು ಬರುವುದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡುವುದು. ಹಿತ್ತಲಿನಲ್ಲಿ ನಾಲ್ಕು ಮಡಿ ಸೊಪ್ಪು ಬೆಳೆದು ತಾನೇ ನೀರು ಹೊತ್ತು ಹಾಕುವುದು. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. ಬಹುಕಾಲದಿಂದ ಕುಳಿತವರು ಮೆಲ್ಲನೆ ಆರಂಭಿಸಬೇಕು. ನಡೆಯುವಾಗ ಎದೆನೋವೋ ತಲೆಸುತ್ತೋ ಬಂದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಪರಂಪರೆ ಈ ಮಾತಿಗೆ ಹೊರತಾದುದೇನಲ್ಲ. ವಾನಪ್ರಸ್ಥನೆಂದರೆ ಕಾಡಿಗೆ ಹೊರಟವನು. ಗಡ್ಡೆಗೆಣಸನ್ನು ಅಗೆದು, ಸಮಿತ್ತನ್ನು ಆಯ್ದು ತರಬೇಕಾದವನು. ಕಾಯಕವನ್ನೂ ದಾಸೋಹವನ್ನೂ ಜೊತೆಗೂಡಿಸಿದ ಶರಣರು ಕಾಯಕಕ್ಕೆ ನಿವೃತ್ತಿಯ ವಯಸ್ಸನ್ನು ಗೊತ್ತುಮಾಡಲಿಲ್ಲ. ಹತ್ತಿರದ ಕಾಲಕ್ಕೆ ಬಂದರೆ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಇದೇ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಕಲಿತವರು. 1913ರಲ್ಲಿ ಹುಟ್ಟಿದ ಅವರು 2006ರಲ್ಲಿಯೂ ವೇದಿಕೆಯ ಮೇಲೆ ಹಾಡಿದರು. ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೆ, 1952ರಲ್ಲಿ, ಬಿಹಾರದ ಗಂಗಾನದಿಗೆ ಸೇತುವೆ ಕಟ್ಟುವ ಜಾಗವನ್ನು ನೋಡಲು ಹೋದರು. ಅಸಾಮಾನ್ಯರ ಆಯುಸ್ಸು ಎಲ್ಲರಿಗೂ ಬರುತ್ತದೆಂದು ಹೇಳಲಾಗದು. ಆಯುಸ್ಸಿಗೆ ಕಾರಣಗಳು ಹಲವು. ಆದರೆ ರಿಯಾಜು ಬಿಟ್ಟ ಕಂಠಕ್ಕೂ ನಡಿಗೆ ಬಿಟ್ಟ ಕಾಲಿಗೂ ಗತಿ ಒಂದೇ ಎಂಬುದನ್ನು ಅವರ ಬಾಳಿನಿಂದ ಕಲಿಯಬಹುದು.

ಆದುದರಿಂದ ಮಕ್ಕಳಲ್ಲಿ ಒಂದು ವಿನಂತಿ. ಹಿರಿಯರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವ ಮುನ್ನ ಒಂದು ಕ್ಷಣ ಯೋಚಿಸಿರಿ. ಅವರನ್ನು ನೂಕುವ ಭಾರದ ಕೆಲಸ ಬೇಡ; ಅವರು ಇಲ್ಲದಿದ್ದರೆ ನಡೆಯದೆಂಬಂಥ ಹಗುರವಾದ ಒಂದು ಕೆಲಸ ಅವರದಾಗಿಯೇ ಇರಲಿ. ತಟ್ಟೆಯಲ್ಲಿ ಅವರ ಪಾಲಿನ ಕಾಳು, ಹಾಲುಗಳನ್ನು, “ಅವರಿಗೇನು, ಮನೆಯಲ್ಲೇ ಇರುತ್ತಾರೆ” ಎಂದು ಕಡಿಮೆ ಮಾಡದಿರಿ. ಮನೆಯ ಹಿರಿಯ ಹೆಂಗಸು ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯಂತೂ ನಿಲ್ಲಲೇಬೇಕು. ಹಿರಿಯರಲ್ಲಿಯೂ ಒಂದು ಮಾತು. ಎರೆನಾಡಿನ ರೈತ ಸುಗ್ಗಿಯಲ್ಲಿ ಹಗೇವು ತುಂಬಿಟ್ಟು ಬರಗಾಲದಲ್ಲಿ ತೆಗೆದು ಉಣ್ಣುತ್ತಿದ್ದ. ಬರಿದಾದ ಹಗೇವನ್ನು ಅವನು ಮುಂದಿನ ಸುಗ್ಗಿಯವರೆಗೆ ತುಂಬಲಾರದೆ ಹೋಗುತ್ತಿದ್ದ. ಮೈಯ ಹಗೇವಿಗೆ ಸುಗ್ಗಿಯ ಹಂಗಿಲ್ಲ. ಎಂಬತ್ತರಲ್ಲಿಯೂ ಅದಕ್ಕೆ ದಿನಕ್ಕೊಂದು ಹಿಡಿ ಹಾಕಬಹುದು. ನಾಳೆ ಬೆಳಿಗ್ಗೆ ಚಹದ ಲೋಟವನ್ನು ಕೆಳಗಿಟ್ಟು, ಕೈ ಊರದೆ ಎದ್ದು, ಊರ ಹೊರಗಿನ ಹೊಲದವರೆಗೆ ಹೋಗಿ ಬನ್ನಿರಿ. ಬರುವಷ್ಟರಲ್ಲಿ ಬಿಸಿರೊಟ್ಟಿಗೆ ಬೇಕಾದ ಹಸಿವೂ ನಿಮ್ಮ ಜೊತೆಗೆ ಬರುತ್ತದೆ.