ಮುಳ್ಳಿನ ತಿಳಿವಳಿಕೆಗೆ ಉಲ್ಲೇಖ ಯಾರ ಹೆಸರಿಗೆ?

ಗ್ರಂಥಾಲಯ ವಿಜ್ಞಾನದ ಮತ್ತು ಜೀವವಿಜ್ಞಾನದ ಗೆಳೆಯರು ಸೇರಿದ ಈ ಸಂಕಿರಣಕ್ಕೆ ಆಶಯದ ಮಾತು ಹೇಳಲು ನನ್ನನ್ನು ಕರೆದಿದ್ದೀರಿ. ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಚರಿತ್ರೆಯನ್ನು ನಾನು ಹೇಳಹೊರಡುವುದಿಲ್ಲ. ಯೂಜೀನ್ ಗಾರ್ಫೀಲ್ಡರ ಉಲ್ಲೇಖ ಸೂಚಿಯಿಂದ ಹಿಡಿದು 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಮುಂದಿಟ್ಟ ಎಚ್-ಇಂಡೆಕ್ಸ್‌ವರೆಗೆ ಅದರ ಒಳಹೊರಗು ಬಲ್ಲವರು ಮುಂದಿನ ಸಾಲಿನಲ್ಲೇ ಕುಳಿತಿದ್ದೀರಿ; ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ನಿಮ್ಮ ಬಾಯಿಂದಲೇ ಕೇಳೋಣ. ನಾನು ಬಹುಕಾಲದಿಂದ ನಂಬಿಕೊಂಡು ಬಂದ ಒಂದೇ ಮಾತನ್ನು ಇಲ್ಲಿ ವಾದಿಸುತ್ತೇನೆ. ಗಾರ್ಫೀಲ್ಡರ ಆ ಸೂಚಿ ಹುಟ್ಟಿದ್ದು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ದಾರಿ ತೋರಿಸಲು. ನಾವು ಅದನ್ನು ವಿಜ್ಞಾನಿಯನ್ನು ತೂಗುವ ಕಲ್ಲು ಮಾಡಿಕೊಂಡೆವು. ವಿಕಾಸವನ್ನೂ ಪರಿಸರವನ್ನೂ ಒಟ್ಟಿಗೆ ಓದುವ ನಮ್ಮ ಶಾಸ್ತ್ರಕ್ಕೆ ಇದರಿಂದ ಆದ ನಷ್ಟ ಸಣ್ಣದಲ್ಲ.

ಪರಿಸರವಿಜ್ಞಾನಿ ಮಾಧವ ಗಾಡ್ಗೀಳರ ಕೆಲಸವನ್ನೇ ನೋಡಿ. 1970ರಲ್ಲಿ ಅವರು ವಿಲಿಯಂ ಬಾಸರ್ಟ್ ಜೊತೆ 'ಅಮೆರಿಕನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಬರೆದ ಪ್ರಬಂಧ ಇಂದಿಗೂ ಉಲ್ಲೇಖಗೊಳ್ಳುತ್ತಿದೆ. ಜೀವಿಯೊಂದು ತನ್ನ ಶಕ್ತಿಯನ್ನು ಬೆಳವಣಿಗೆಗೆಷ್ಟು, ಸಂತಾನಕ್ಕೆಷ್ಟು ಎಂದು ಹೇಗೆ ಹಂಚುತ್ತದೆ, ಯಾವ ಸಂದರ್ಭದಲ್ಲಿ ಮತ್ತೆ ಮತ್ತೆ ಹೆರುವುದಕ್ಕಿಂತ ಒಮ್ಮೆಗೇ ಎಲ್ಲವನ್ನೂ ಸುರಿದು ಸಾಯುವುದು ಲಾಭದಾಯಕ ಎಂಬುದು ಅದರ ಪ್ರಶ್ನೆ. ಹೂಬಿಟ್ಟು ಸಾಯುವ ಬಿದಿರು ಅಂಥದ್ದೇ ಜೀವಿ. ಎಪ್ಪತ್ತರ ದಶಕದಲ್ಲಿ ಕರ್ನಾಟಕ ಸರ್ಕಾರದ ಕೋರಿಕೆಯಂತೆ, ಕಾಗದದ ಗಿರಣಿಗಳಿಗೆ ಬಿದಿರು ಏಕೆ ಸಾಲದಾಗುತ್ತಿದೆ ಎಂದು ಅವರು ಉತ್ತರ ಕನ್ನಡದ ಕಾಡುಗಳಲ್ಲಿ ಹುಡುಕತೊಡಗಿದರು. ದನ ಮೇಯಿಸುವ, ಬಿದಿರು ಕಡಿಯುವ ಹಳ್ಳಿಗರೇ ಕಾರಣ ಎಂಬುದು ಆಗಿನ ಅಧಿಕೃತ ವಿವರಣೆ. ಮೆಳೆಗಳ ಬುಡಕ್ಕೆ ಹೋಗಿ ನೋಡಿದಾಗ ಕಂಡದ್ದೇ ಬೇರೆ. ಗಿರಣಿಗಾಗಿ ಕಡಿಯುವವರು ಸಲೀಸಾಗಲೆಂದು ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಹಾಕುತ್ತಿದ್ದರು. ಮುಳ್ಳು ಹೋದ ಮೆಳೆಯಲ್ಲಿ ಮಳೆಗಾಲದ ಎಳೆ ಕಳಲೆ ದನಕ್ಕೂ ಮುಸುವಕ್ಕೂ ಮುಳ್ಳುಹಂದಿಗೂ ಸುಲಭದ ಮೇವಾಯಿತು. ಹಳ್ಳಿಗರು ಮುಳ್ಳನ್ನು ಉಳಿಸಿಯೇ ಮೇಲಿನ ಬಿದಿರನ್ನು ಕಡಿಯುತ್ತಿದ್ದರು.

1970ರ ಗಣಿತವೂ ಈ ಮುಳ್ಳಿನ ಕಂಡುಕೊಳ್ಳುವಿಕೆಯೂ ನನ್ನ ದೃಷ್ಟಿಯಲ್ಲಿ ಒಂದೇ ಚಿಂತನೆಯ ಎರಡು ತುದಿಗಳು. ಬದುಕಿನ ಬಹುಪಾಲು ಹೂಬಿಡದೆ ಬೆಳೆಯುವ ಸಸ್ಯಕ್ಕೆ ಪ್ರತಿ ವರ್ಷದ ಕಳಲೆಯೇ ಬಂಡವಾಳ. ಅದನ್ನು ಕಾಯುವ ಮುಳ್ಳು ಅದರ ವಿಕಾಸದ ಲೆಕ್ಕದೊಳಗಿನದು. ಆದರೆ ಎಣಿಕೆಯ ಪದ್ಧತಿ ಒಂದು ತುದಿಯನ್ನು ಧಾರಾಳವಾಗಿ ಕಾಣುತ್ತದೆ, ಇನ್ನೊಂದನ್ನು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡೇ ವರ್ಷಗಳ ಪ್ರಬಂಧಗಳನ್ನು. ನಮ್ಮ ಬಿದಿರು ಹೂಬಿಡುವುದಕ್ಕೆ ದಶಕಗಳು ಬೇಕು. ಈ ಅಂತರ ಅರಿತ ಯುವ ಸಂಶೋಧಕರು ಬಿದಿರನ್ನು ಬಿಟ್ಟು ಬೇರೇನನ್ನೋ ಆಯ್ದುಕೊಂಡರೆ ಅವರನ್ನು ದೂರುವುದು ನ್ಯಾಯವಲ್ಲ.

ನನ್ನ ವಾದಕ್ಕೊಂದು ಗಟ್ಟಿ ಆಕ್ಷೇಪಣೆಯಿದೆ, ಅದನ್ನು ನಾನು ಗೌರವಿಸುತ್ತೇನೆ. ಸಂಖ್ಯೆಯನ್ನು ಕಿತ್ತುಹಾಕಿದರೆ ಆ ಜಾಗಕ್ಕೆ ಬರುವುದು ಜಾತಿ, ಶಿಫಾರಸು, ಗುರುವಿನ ಕೃಪೆ. ಸಣ್ಣ ಊರಿನ ಕಾಲೇಜಿನಿಂದ ಬಂದವರಿಗೆ ಸಂಖ್ಯೆಯೊಂದೇ ಆಸರೆ ಎನ್ನುತ್ತಾರೆ. ನಿಜ. ಆದರೆ ಆಸರೆ ಬೇಕಿರುವುದು ಆಯ್ಕೆ ಸಮಿತಿಯ ಪಕ್ಷಪಾತದ ವಿರುದ್ಧ, ಸಮಿತಿ ಓದದಿರುವುದಕ್ಕೆ ನೆಪವಾಗಿ ಅಲ್ಲ. ಅಭ್ಯರ್ಥಿಯ ಮೂರು ಪ್ರಬಂಧಗಳನ್ನು ಓದಿ, ಕಾರಣಗಳನ್ನು ಲಿಖಿತವಾಗಿ ಕೊಡಿ ಎಂದು ಕಟ್ಟುಮಾಡಿದರೆ ಪಕ್ಷಪಾತ ಸಂಖ್ಯೆಯ ಹಿಂದೆ ಅಡಗಲಾರದು. ಇನ್ನು ಕೆಲವರು, ಸರ್ಕಾರಿ ದಾಖಲೆ, ಸುದ್ದಿಗಳಲ್ಲಿನ ಪ್ರಸ್ತಾಪವನ್ನೂ ಎಣಿಸಿದರಾಯಿತು ಎನ್ನುತ್ತಾರೆ. ಆದರೆ ಒಂದು ಉದಾಹರಣೆ ನೋಡಿ: ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಘಟ್ಟದ ರಾಜ್ಯಗಳು ವಿರೋಧಿಸಿದವು. 2018ರ ಕೇರಳದ ನೆರೆ, 2024ರ ವಯನಾಡಿನ ಭೂಕುಸಿತದ ನಂತರ ಅದರ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ವಿರೋಧದ ಹೆಸರೆತ್ತುವಿಕೆ, ಪಶ್ಚಾತ್ತಾಪದ ಹೆಸರೆತ್ತುವಿಕೆ ಎರಡೂ ಎಣಿಕೆಯಲ್ಲಿ ಒಂದೊಂದೇ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದಕ್ಕಿಂತ ಮುಂದಿನದು. ಮುಳ್ಳನ್ನು ಉಳಿಸಿ ಕಡಿಯಬೇಕೆಂದು ಮೊದಲು ಅರಿತವರು ಹಳ್ಳಿಗರು. ಪ್ರಬಂಧಕ್ಕೆ ಹೆಸರುಂಟು, ಆ ಅರಿವಿಗಿಲ್ಲ. ಗಾಡ್ಗೀಳರು ಒತ್ತಾಸೆಯಾಗಿ ನಿಂತ ಜನತಾ ಜೀವವೈವಿಧ್ಯ ದಾಖಲಾತಿ, 2002ರ ಜೀವವೈವಿಧ್ಯ ಕಾಯ್ದೆಯ ವ್ಯವಸ್ಥೆಯೊಳಗೆ ಸೇರಿ, ಇಂಥ ಅರಿವನ್ನು ಪಂಚಾಯಿತಿ ಮಟ್ಟದಲ್ಲಿ ಬರೆದಿಡುವ ದಾರಿ ತೆರೆಯಿತು. ಹಾಗಾದರೆ ಆ ದಾಖಲಾತಿಯನ್ನು ಪ್ರಬಂಧದಲ್ಲಿ ಉಲ್ಲೇಖಿಸುವುದು ಯಾರ ಹೆಸರಲ್ಲಿ: ಹೇಳಿದ ವ್ಯಕ್ತಿಯದೋ, ಊರಿನದೋ, ಬರೆದುಕೊಂಡ ವಿದ್ಯಾರ್ಥಿಯದೋ? ಬಹಿರಂಗಪಡಿಸಿದರೆ ಅರಿವನ್ನು ಲಾಭಕ್ಕಾಗಿ ಕದಿಯುವವರಿಗೆ ದಾರಿಯಾಗುತ್ತದೆ. ಮುಚ್ಚಿಟ್ಟರೆ ಉಲ್ಲೇಖವೇ ಅಸಾಧ್ಯ. ಎರಡರ ನಡುವೆ ಒಪ್ಪುವ ಉತ್ತರ ನನಗಿನ್ನೂ ಕಂಡಿಲ್ಲ. ನಾಳೆಯ ಗೋಷ್ಠಿಯಲ್ಲಿ ಗ್ರಂಥಾಲಯ ವಿಜ್ಞಾನಿಗಳೂ ಕಾನೂನು ಬಲ್ಲವರೂ ಒಟ್ಟಿಗೆ ಕುಳಿತಾಗ, ಸೂಚ್ಯಂಕಗಳ ತಿದ್ದುಪಡಿಗೆ ಕೈಹಾಕುವ ಮೊದಲು ಇದನ್ನು ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.